ಐದು ಟನ್ ಕಬ್ಬಿನ ಕಂಪ್ಯೂಟರ್

ನಮ್ಮ ಸಾವಳಗಿ ಕಡೆ ಮನೆಗೆ ದೊಡ್ಡ ಸಾಮಾನು ಬರುವುದು ಕಬ್ಬಿನ ಬಿಲ್ ಕೈಗೆ ಬಂದಾಗಲೇ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಆ 14 ದಿನ ಎಷ್ಟು ಉದ್ದವಾಗಬಲ್ಲದು ಎಂಬುದು ಬಿಲ್ಲಿಗೆ ಕಾದವರಿಗೇ ಗೊತ್ತು. ಎಂಟನೆಯ ತರಗತಿಯ ಮಗಳು ಕಂಪ್ಯೂಟರ್ ಬೇಕೆಂದಾಗ ನಾನು ಲೆಕ್ಕ ಹಾಕಿದ್ದೂ ಟನ್ನಿನಲ್ಲೇ. 2025ರ ನವೆಂಬರಿನ ಕಬ್ಬು ಬೆಳೆಗಾರರ ಹೋರಾಟದ ನಂತರ ಸರ್ಕಾರ ಘೋಷಿಸಿದ ದರ, ಶೇ 11.25ರ ಸಕ್ಕರೆ ಇಳುವರಿಗೆ, ಟನ್ನಿಗೆ 3,300 ರೂಪಾಯಿ. ಅಂಗಡಿಯವರು ತೋರಿಸಿದ ಹೊಸ ಲ್ಯಾಪ್‌ಟಾಪ್ ಹನ್ನೆರಡು ಟನ್ನಿನ ಮಾತಾಯಿತು. ನಾನು ಬಿಡಲು ತಯಾರಿದ್ದದ್ದು ಐದಾರು ಟನ್.

'ನೋ ಕಾಸ್ಟ್ ಇಎಂಐ ಐತ್ರೀ' ಎಂದರು. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಬರೆದಿದೆ. ಕಾರ್ಡಿನಲ್ಲಿ ಬಡ್ಡಿಯಷ್ಟು ರಿಯಾಯಿತಿ ಕೊಟ್ಟರೂ ಆ ಬಡ್ಡಿಯ ಮೇಲಿನ ಶೇ 18ರ ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ನಮ್ಮ ತಲೆಗೇ. ಅದೂ ಹೋಗಲಿ, ಕಂತು ತಿಂಗಳಿಗೊಮ್ಮೆ ಬರುತ್ತದೆ, ಕಬ್ಬಿನ ದುಡ್ಡು ಹಾಗೆ ಬರುವುದಿಲ್ಲ. ಸಂಬಳದವರಿಗೆ ಹೊಲಿದ ಅಂಗಿ ಅದು.

ನನಗೆ ದಾರಿ ಮಾಡಿಕೊಟ್ಟದ್ದು ಮೈಕ್ರೋಸಾಫ್ಟ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನಿಂದ ಮುಂದಿನ ಪ್ರೊಸೆಸರ್ ಇರಬೇಕು. ಹೀಗಾಗಿ ಆರು, ಏಳನೆಯ ತಲೆಮಾರಿನ ಆಫೀಸ್ ಕಂಪ್ಯೂಟರುಗಳು, ಡೆಲ್ ಆಪ್ಟಿಪ್ಲೆಕ್ಸ್, ಲೆನೊವೊ ಥಿಂಕ್‌ಸೆಂಟರ್‌ನಂಥವು, ಗಟ್ಟಿಮುಟ್ಟಾಗಿದ್ದೂ ಬೆಲೆ ಕಳೆದುಕೊಂಡು ಕೂತಿವೆ. ಲಿನಕ್ಸ್ ಮಿಂಟ್ ಹಾಕಿದರೆ ಅವಕ್ಕೆ ಇನ್ನೂ ಸಾಕಷ್ಟು ಆಯುಷ್ಯವಿದೆ, ಲೈಸೆನ್ಸಿಗೆ ರೂಪಾಯಿಯೂ ಬೇಡ. ಕನ್ನಡ ಟೈಪಿಂಗಿಗೆ ಕನ್ನಡ ಗಣಕ ಪರಿಷತ್ತಿನ 'ಕಗಪ' ಕೀಲಿಮಣೆ ವಿನ್ಯಾಸ ಅದರ ಸೆಟ್ಟಿಂಗಿನೊಳಗೇ ಇದೆ. ಅಂಗಡಿಯವರು 'ವಿಂಡೋಸ್ ಫ್ರೀ ಹಾಕಿಕೊಡ್ತೀವಿ' ಎನ್ನುತ್ತಾರೆ. ಅದು ಹೆಚ್ಚಾಗಿ ಕ್ರ್ಯಾಕ್ ಮಾಡಿದ್ದು. ಫೋನ್‌ಪೇ, ಬ್ಯಾಂಕು ಎಲ್ಲ ನಡೆಯುವ ಮನೆಗೆ ಅಂಥ ಉಡುಗೊರೆ ಬೇಡ.

ವಿಜಯಪುರದ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಎಲ್ಲವೂ 'ಐ5'. ಯಾವ ಐ5 ಎಂದು ಕೇಳಬೇಕು. ಐ5-2400 ಎಂದರೆ 2011ರ ಮಾಲು. ಐ5-6500 ಎಂದರೆ 2015ರದು. ಇಂಥ ನಾಲ್ಕಂಕಿಯ ಮಾಲಿನಲ್ಲಿ ಗೆರೆಯ ನಂತರದ ಮೊದಲ ಅಂಕಿಯೇ ತಲೆಮಾರು. ಡಬ್ಬಿಯ ಮೇಲಿನ ಸ್ಟಿಕ್ಕರ್ ನಂಬದೆ ಆನ್ ಮಾಡಿಸಿ ಪರದೆಯ ಮೇಲೇ ನೋಡಬೇಕು. ಇನ್ನೊಂದು, ರ‍್ಯಾಮ್. 'ಈಗ 4 ಜಿಬಿ ತಗೊಳ್ಳಿ, ಆಮೇಲೆ ಹಾಕಿಸಿಕೊಳ್ಳಿ' ಎಂಬ ಹಳೆಯ ಸಲಹೆ ಈಗ ನಡೆಯದು. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಗೆ ರ‍್ಯಾಮ್ ದರ ಏರಿತು. ಒಳಗೇ 8 ಜಿಬಿ ಇರುವುದನ್ನು ಆರಿಸುವುದು ಲಾಭ.

ನಾನು ತಂದದ್ದು ಐ5-6500, 8 ಜಿಬಿ, ಡಿಸ್ಕ್ ಇಲ್ಲದ್ದು: 8,500 ರೂಪಾಯಿ. ಹಳೆಯ ಹಾರ್ಡ್ ಡಿಸ್ಕ್ ಬಿಟ್ಟು 256 ಜಿಬಿಯ ಹೊಸ ಎಸ್‌ಎಸ್‌ಡಿ: 2,200. ಕಂಪ್ಯೂಟರ್ 'ಸ್ಲೋ' ಎಂದು ಜನ ಬೈಯುವುದರಲ್ಲಿ ಬಹುಪಾಲು ಆ ತಿರುಗುವ ಡಿಸ್ಕಿನ ಪಾಪ. ಮಾನಿಟರ್ ಯಾಕೆ, ಗೋಡೆಯ ಟಿವಿಗೇ ಎಚ್‌ಡಿಎಂಐ ಚುಚ್ಚಿದರಾಯಿತಲ್ಲ ಎಂದರು ಮನೆಯವರು. ಚುಚ್ಚಿ ನೋಡಿದೆವು. ನಮ್ಮ 32 ಇಂಚಿನ ಟಿವಿ 'ಎಚ್‌ಡಿ ರೆಡಿ', ಅಂದರೆ 1366×768 ಚುಕ್ಕಿ. ಸಿನಿಮಾಕ್ಕೆ ಸರಿ, ಆದರೆ ಎರಡು ಅಡಿ ದೂರದಿಂದ ಒತ್ತಕ್ಷರ ಓದುವಾಗ 'ಕ್ಷ'ದ ಹೊಟ್ಟೆ ಮುಚ್ಚಿಹೋಗುತ್ತದೆ. ಬಳಸಿದ ಫುಲ್ ಎಚ್‌ಡಿ ಮಾನಿಟರಿಗೆ 3,200, ಕೀಲಿಮಣೆ ಮತ್ತು ಮೌಸಿಗೆ 800, ವೈಫೈ ಕಡ್ಡಿಗೆ 400.

ಖರ್ಚಿನಲ್ಲಿ ಯಾರೂ ಹೇಳದ ಭಾಗ ಕರೆಂಟಿನದು. ಮಗಳು ಕ್ಯಾಬಿನೆಟ್ ಮುಟ್ಟಿ 'ಅಪ್ಪಾ, ಜುಮ್ ಅಂತದ' ಎಂದಳು. ಕಂಪ್ಯೂಟರ್ ಕೆಟ್ಟಿರಲಿಲ್ಲ. ಅದಕ್ಕೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಸ್ವಲ್ಪ ಕರೆಂಟನ್ನು ಅರ್ಥಿಂಗ್ ತಂತಿಗೆ ಬಿಡುತ್ತವೆ. ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ ತಂತಿಯೇ ಇಲ್ಲದಿದ್ದರೆ ಅದು ಡಬ್ಬಿಯ ಮೈಮೇಲೆ ಉಳಿಯುತ್ತದೆ. ಪಂಪ್‌ಸೆಟ್ಟಿಗೆ ಸಾವಿರಾರು ರೂಪಾಯಿಯ ಸ್ಟಾರ್ಟರ್ ಕೂರಿಸುವ ನಾವು ಮನೆಯ ಅರ್ಥಿಂಗ್ ಕೇಳುವುದೇ ಇಲ್ಲ. ಹಿತ್ತಲಲ್ಲಿ ಗುಂಡಿ ತೋಡಿಸಿ, ಪೈಪು ಇಳಿಸಿ, ಇದ್ದಿಲು, ಉಪ್ಪು ತುಂಬಿಸಿ, ತಂತಿ ಎಳೆಸಿದ್ದಕ್ಕೆ 1,800. ಇಡೀ ಖರೀದಿಯಲ್ಲಿ ನನಗೆ ಅತಿ ಅಗ್ಗವೆನಿಸಿದ್ದು ಇದೇ.

ಯುಪಿಎಸ್ ಕೊಳ್ಳಲಿಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದವರು ಅದರ ಮೈಮೇಲೆ 'ಯುಪಿಎಸ್' ಎಂಬ ಸ್ವಿಚ್ ಇದೆಯೇ ನೋಡಿ. ಅದನ್ನು ಒತ್ತಿದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗುವ ವೇಗ ಹೆಚ್ಚುತ್ತದೆ, ಕಂಪ್ಯೂಟರ್ ಆರುವುದಿಲ್ಲ. ಒಂದು ತೊಡಕಿದೆ: ಪಂಪ್‌ಸೆಟ್ಟುಗಳು ಒಟ್ಟಿಗೆ ಚಾಲೂ ಆಗಿ ವೋಲ್ಟೇಜ್ ಇಳಿದಾಗ ಇನ್ವರ್ಟರ್ ಪದೇ ಪದೇ ಬ್ಯಾಟರಿಗೆ ಹಾರುತ್ತದೆ. ನಾವು ಕಂಪ್ಯೂಟರ್ ಮುಚ್ಚಿದ ಮೇಲೆ ಸ್ವಿಚ್ಚನ್ನು ಹಿಂದಕ್ಕೆ ತರುತ್ತೇವೆ.

ಒಟ್ಟು 16,900. ಐದು ಟನ್ನಿಗಿಂತ ತುಸು ಹೆಚ್ಚು. ಹಳೆಯ ಮಾಲು ತಂದವರು ಬದಿಗಿಡಬೇಕಾದ ಚಿಲ್ಲರೆಯೂ ಇದೆ. ಒಂದು ದಿನ ಯಾವ ವೆಬ್‌ಸೈಟೂ ತೆರೆಯದೆ 'ಸುರಕ್ಷಿತವಲ್ಲ' ಎನ್ನತೊಡಗಿತು. ನೋಡಿದರೆ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತು ಗಡಿಯಾರ ಹತ್ತು ವರ್ಷ ಹಿಂದೆ ಹೋಗಿತ್ತು. ಸಿಆರ್2032 ಎಂದು ಕೇಳಿದರೆ ವಾಚಿನಂಗಡಿಯಲ್ಲೂ ಐವತ್ತು ರೂಪಾಯಿಯೊಳಗೆ ಸಿಗುತ್ತದೆ.

ಪ್ರಿಂಟರಿಗೂ ಬೇಡಿಕೆ ಬಂದಿದೆ. ಇಂಕ್‌ಜೆಟ್ ಪ್ರಿಂಟರನ್ನು ವಾರಗಟ್ಟಲೆ ಮುಟ್ಟದೆ ಇಟ್ಟರೆ ನಮ್ಮ ಬೇಸಿಗೆಗೆ ಶಾಯಿ ಒಣಗಿ ಮೂತಿ ಕಟ್ಟಿಕೊಳ್ಳುತ್ತದೆ. ತಿಂಗಳಿಗೆ ಏಳೆಂಟು ಹಾಳೆಯ ಕೆಲಸಕ್ಕೆ ಝೆರಾಕ್ಸ್ ಅಂಗಡಿ ಸಾಕು ಎಂದಿದ್ದೇನೆ, ಮುಂದಿನ ಬಿಲ್ ಬರುವ ತನಕವಾದರೂ.