ಬೀದಿಯಲ್ಲಿ ಬಿದ್ದವನ ಪ್ರಾಣ

1960ರ ದಶಕದ ಅಮೆರಿಕದಲ್ಲಿ, ಅಪಘಾತಕ್ಕೆ ಸಿಕ್ಕಿದವನನ್ನು ಆಸ್ಪತ್ರೆಗೆ ಒಯ್ಯಲು ಎಷ್ಟೋ ಊರುಗಳಲ್ಲಿ ಬರುತ್ತಿದ್ದುದು ಶವವಾಹನ! ಮನುಷ್ಯನನ್ನು ಮಲಗಿಸಿಕೊಂಡು ಸಾಗಬಲ್ಲ ಉದ್ದನೆಯ ವಾಹನವಿದ್ದುದು ಅಂತ್ಯಕ್ರಿಯೆಯ ವೃತ್ತಿಯವರಲ್ಲಿ. ಆದುದರಿಂದ ದೇಶದ ಆಂಬುಲೆನ್ಸ್ ಸೇವೆಯ ಅರ್ಧದಷ್ಟು ಭಾರ ಅವರ ಮೇಲೆಯೇ ಬಿದ್ದಿತ್ತು. ದಾರಿಯಲ್ಲಿ ರಕ್ತಸ್ರಾವವನ್ನು ತಡೆಯಬಲ್ಲವರು ಜೊತೆಗಿರುವುದು ಅಪರೂಪ. ಚಂದ್ರಲೋಕಕ್ಕೆ ಏಣಿ ಹಾಕುತ್ತಿದ್ದ ದೇಶದ ಸ್ಥಿತಿಯಿದು.

1966ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಆಶ್ರಯದಲ್ಲಿ ವೈದ್ಯತಜ್ಞರ ಸಮಿತಿಗಳು ಒಂದು ಕಿರುವರದಿಯನ್ನು ಹೊರತಂದವು. ಹಿಂದಿನ ವರ್ಷವೊಂದರಲ್ಲೇ ಅಪಘಾತಗಳು 1,07,000 ಜನರನ್ನು ಬಲಿತೆಗೆದುಕೊಂಡಿದ್ದವು. ತೀವ್ರವಾಗಿ ಗಾಯಗೊಂಡವನು ಬದುಕುಳಿಯುವ ಸಂಭವ ನಗರದ ಬೀದಿಗಿಂತ ರಣರಂಗದಲ್ಲೇ ಹೆಚ್ಚೆಂಬ ಅನುಭವಿಗಳ ಮಾತನ್ನೂ ವರದಿ ದಾಖಲಿಸಿತು. ಅದಕ್ಕೆ ಕಾರಣವಿತ್ತು. ಸೈನ್ಯದಲ್ಲಿ ತರಬೇತಿ ಪಡೆದ ಶುಶ್ರೂಷಕರು ಗಾಯಾಳು ಬಿದ್ದೆಡೆಗೇ ಧಾವಿಸುತ್ತಿದ್ದರು. ಹೆಲಿಕಾಪ್ಟರುಗಳು ಅವನನ್ನು ಶಸ್ತ್ರವೈದ್ಯರ ಬಳಿಗೆ ಒಯ್ಯುತ್ತಿದ್ದವು.

ಆಂಬುಲೆನ್ಸಿಗೆ ನಿಯತ ಮಟ್ಟವಿರಲಿ, ಅದರ ಸಿಬ್ಬಂದಿಗೆ ಶಿಕ್ಷಣ ದೊರೆಯಲಿ, ರಕ್ತ ಸೋರಿ ದೇಹ ಕುಸಿಯುವ ಆಘಾತಸ್ಥಿತಿಯನ್ನು ಕುರಿತು ಸಂಶೋಧನೆ ನಡೆಯಲಿ ಎಂದು ಸಮಿತಿಗಳು ಕೇಳಿದವು. ಕೇಳುವುದಷ್ಟೇ ಸಮಿತಿಗಳ ಅಧಿಕಾರ. ಎಷ್ಟೋ ವರದಿಗಳು ಕಪಾಟು ಸೇರುತ್ತವೆ. ಇದು ಸೇರಲಿಲ್ಲ. 1970ರ ದಶಕದಲ್ಲಿ ಸಿಬ್ಬಂದಿಗೆ 81 ಗಂಟೆಗಳ ಪಾಠಕ್ರಮ ರೂಪುಗೊಂಡಿತು. 1973ರಲ್ಲಿ ತುರ್ತುಸೇವೆಗೆ ಕಾನೂನಿನ ಬೆಂಬಲ ದೊರೆಯಿತು. 1979ರಲ್ಲಿ ತುರ್ತುಚಿಕಿತ್ಸೆಗೆ ವೈದ್ಯಶಾಸ್ತ್ರದ ಪ್ರತ್ಯೇಕ ಶಾಖೆಯೆಂಬ ಮನ್ನಣೆ ಬಂದಿತು. ಹೊಸ ನಿಯಮಗಳಿಗೆ ಹೊಂದಲಾರದೆ ಅಂತ್ಯಕ್ರಿಯೆಯವರು ಒಬ್ಬೊಬ್ಬರಾಗಿ ಹಿಂದೆ ಸರಿದರು.