ಹಾಡಿನ ಜಾತ್ರೆಯಲ್ಲಿ ಬೀಡು: ಗಿಂಪಿ ಮಸ್ಟರ್‌ಗೆ ಮೊದಲ ಸಲ ಹೊರಟವರಿಗೆ

ನಮ್ಮಜ್ಜಿ ಸವದತ್ತಿ ಎಲ್ಲಮ್ಮನ ಜಾತ್ರೆಗೆ ಚಕ್ಕಡಿ ಕಟ್ಟಿಸಿಕೊಂಡು ಹೊರಟಾಗ ಮೊದಲು ಹಾಕುತ್ತಿದ್ದ ಲೆಕ್ಕ ದರ್ಶನದ್ದಲ್ಲ. ಎಷ್ಟು ರೊಟ್ಟಿ ಬಡಿಯಬೇಕು, ನೀರಿಗೆ ಎಷ್ಟು ಕೊಡ, ಹೊದೆಯಲು ಎಷ್ಟು ಕೌದಿ ಎಂಬುದೇ ಆಕೆಯ ಲೆಕ್ಕ. ಬ್ರಿಸ್ಬೇನಿಗೆ ಬಂದ ಮೇಲೆ ಗಿಂಪಿ ಮಸ್ಟರ್ ಎಂಬ ಕಂಟ್ರಿ ಸಂಗೀತದ ಹಬ್ಬಕ್ಕೆ ಅಕ್ಕ-ಭಾವನ ಜೊತೆ ಹೊರಟಾಗ ನಾನು ಇದನ್ನೆಲ್ಲ ಮರೆತೆ. ಯಾರ ಹಾಡು ಯಾವ ವೇದಿಕೆಯಲ್ಲಿ ಎಷ್ಟು ಗಂಟೆಗೆ ಎಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಹೊದೆಯಲು ಮಾತ್ರ ಒಂದು ತೆಳು ರಗ್ಗು. ರಾತ್ರಿ ಎರಡು ಗಂಟೆಗೆ ಹಲ್ಲು ಕಟಕಟಿಸುತ್ತ ಕಾರಿನೊಳಗೆ ಹೀಟರ್ ಹಾಕಿಕೊಂಡು ಕೂತದ್ದು ನೆನಪಿದೆ, ಆ ದಿನದ ಹಾಡು ಒಂದೂ ನೆನಪಿಲ್ಲ.

"ಅವ್ವ ಕೊಟ್ಟ ಕೌದಿ ಕಪಾಟಿನಾಗ ಕೊಳೀಲಿ ಅಂತ ಇಟ್ಟೀಯೇನು?" ಎಂದು ಅಕ್ಕ ಬೈದದ್ದೂ ನೆನಪಿದೆ. ಹಾಗಾಗಿ ಈ ಬರಹದಲ್ಲಿ ಹಾಡಿಗಿಂತ ಬೀಡಿನ ಮಾತೇ ಹೆಚ್ಚು.

1. ಎಲ್ಲಿಗೆ ಹೊರಟಿದ್ದೀರಿ ಎಂಬುದು ತಿಳಿದಿರಲಿ

ಗಿಂಪಿ ಇರುವುದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ, ಬ್ರಿಸ್ಬೇನಿನ ಉತ್ತರಕ್ಕೆ ಸುಮಾರು 170 ಕಿಲೋಮೀಟರ್ ದೂರ. ಹಬ್ಬ ನಡೆಯುವುದು ಊರಿನಲ್ಲಲ್ಲ, ಊರಿಗೂ ಆಚೆ ಅಮಮೂರ್ ತೊರೆಯ ಕಾಡಿನಲ್ಲಿ, ಆಗಸ್ಟ್ ಕೊನೆಯ ಹೊತ್ತಿಗೆ, ಗುರುವಾರದಿಂದ ಭಾನುವಾರದವರೆಗೆ. ದನಗಾಹಿಗಳು ಮೇಯಲು ಬಿಟ್ಟ ದನಗಳನ್ನೆಲ್ಲ ಅಟ್ಟಿಕೊಂಡು ಬಂದು ಒಂದೆಡೆ ಕೂಡಿಸುವುದಕ್ಕೆ ಅಲ್ಲಿ ಮಸ್ಟರ್ ಎನ್ನುತ್ತಾರೆ. ಇಲ್ಲಿ ಕೂಡುವುದು ಜನ.

ಹಬ್ಬ ಶುರುವಾದ ಕಥೆ ಹೀಗಿದೆ. ವೆಬ್ ಸಹೋದರರೆಂಬ ಮೂವರು ಹಾಡುಗಾರ ರೈತರಿದ್ದರು. 1982ರಲ್ಲಿ ಅವರಿಗೆ ಟ್ಯಾಮ್‌ವರ್ತ್‌ನ ಗೋಲ್ಡನ್ ಗಿಟಾರ್ ಎಂಬ ಕಂಟ್ರಿ ಸಂಗೀತದ ಪ್ರಶಸ್ತಿ ಬಂತು. ಆ ಖುಷಿಗೆ ತಮ್ಮ ಹೊಲದಲ್ಲೇ, ಗಿಂಪಿಯ ಏಪೆಕ್ಸ್ ಎಂಬ ಸೇವಾ ಕ್ಲಬ್ಬಿನ ಜೊತೆಗೂಡಿ, ಸತ್ಕಾರ್ಯಕ್ಕೆ ಹಣ ಎತ್ತುವ ಸಂಗೀತ ಕಛೇರಿಯೊಂದನ್ನು ಇಟ್ಟುಕೊಂಡರು. ಜನ ಹೆಚ್ಚಾಗಿ ಹೊಲ ಸಾಲದೆ 1985ರಲ್ಲಿ ಹಬ್ಬ ಅಮಮೂರ್ ಕಾಡಿಗೆ ಬಂತು. ಇಂದಿಗೂ ಬೀಡಿನಲ್ಲಿ ದಾರಿ ತೋರಿಸುವವರು, ಕಸ ಎತ್ತುವವರು ಬಹಳಷ್ಟು ಮಂದಿ ಆ ಸೀಮೆಯ ಸ್ವಯಂಸೇವಕರು. ಅವರ ಜೊತೆ ದನಿ ಏರಿಸುವ ಮುನ್ನ ಇದು ನೆನಪಿರಲಿ.

ಇನ್ನೊಂದು ತಮಾಷೆ. 1867ರಲ್ಲಿ ಜೇಮ್ಸ್ ನ್ಯಾಶ್ ಎಂಬವನು ಇಲ್ಲಿ ಚಿನ್ನ ಕಂಡ ಮೇಲೆ ಊರಿಗೆ ಮೊದಲು ಇಟ್ಟ ಹೆಸರು ನ್ಯಾಶ್‌ವಿಲ್! ಅಮೆರಿಕದ ಕಂಟ್ರಿ ಸಂಗೀತದ ರಾಜಧಾನಿಯ ಹೆಸರೇ ಇದಕ್ಕೂ ಇತ್ತು. ಮರುವರ್ಷ ಅದು ಗಿಂಪಿಯಾಯಿತು. ಮೂಲನಿವಾಸಿಗಳ ಭಾಷೆಯಲ್ಲಿ ಗಿಂಪಿ-ಗಿಂಪಿ ಅಂದರೆ ನಮ್ಮ ತುರಚಿ ಗಿಡದ ಹಾಗೆ ಚುಚ್ಚುವ, ಅದಕ್ಕಿಂತ ಹತ್ತು ಪಟ್ಟು ಕೆಟ್ಟ ಒಂದು ಗಿಡ. ಅದರ ಹೃದಯದಾಕಾರದ ದೊಡ್ಡ ಎಲೆ ತಾಗಿದರೆ ಉರಿ ತಿಂಗಳುಗಟ್ಟಲೆ ಕಾಡಬಹುದು. ಆದ್ದರಿಂದ ಪೊದೆಯ ಕಡೆ ಹೋಗುವ ಮಕ್ಕಳನ್ನು ತಡೆಯಿರಿ.

2. ಟಿಕೆಟ್

ಕ್ಯಾಂಪಿಂಗ್ ಟಿಕೆಟ್ಟಿನಲ್ಲೇ ಸೇರಿದೆಯೋ ಬೇರೆ ದುಡ್ಡೋ, ಕಾರಿಗೆ ಪಾಸು ಬೇಕೋ, ಬೀಡಿಗೆ ಎಂದಿನಿಂದ ಬಿಡುತ್ತಾರೆ, ಗಾಜಿನ ಬಾಟಲಿ, ಜನರೇಟರ್, ಬೆಂಕಿಯ ನಿಯಮವೇನು: ಈ ನಾಲ್ಕನ್ನು ಹಬ್ಬದ ಅಧಿಕೃತ ತಾಣದಲ್ಲಿ ಓದಿ. ನಿಯಮ ವರ್ಷ ವರ್ಷಕ್ಕೆ ಬದಲಾಗುತ್ತದೆ, ಹೋದ ವರ್ಷ ಹೋಗಿಬಂದ ಗೆಳೆಯರ ಮಾತು ನಂಬಿ ಹೊರಡಬೇಡಿ. ಒಂದೇ ದಿನಕ್ಕೆ ಹೋಗಿಬರುವ ಟಿಕೆಟ್ ಅಗ್ಗ, ನಿಜ. ಆದರೆ ಜಾತ್ರೆಗೆ ಹೋಗಿ ತೇರು ಎಳೆಯುವ ಮೊದಲೇ ಬಸ್ಸು ಹತ್ತಿದ ಹಾಗೆ ಅದು.

3. ಹಾಸಿಗೆ, ಹೊದಿಕೆ

ಆಸ್ಟ್ರೇಲಿಯಾದಲ್ಲಿ ಆಗಸ್ಟ್ ಅಂದರೆ ಚಳಿಗಾಲದ ಕೊನೆ. ಹಗಲು ಇಪ್ಪತ್ತು ಡಿಗ್ರಿ ದಾಟಿದ ಹಿತವಾದ ಬಿಸಿಲು, ಎಲ್ಲರೂ ಅರ್ಧ ತೋಳಿನ ಅಂಗಿಯಲ್ಲಿ. ಸಂಜೆ ಹೊತ್ತು ಮುಳುಗಿದ್ದೇ ತಡ, ಕಣಿವೆಯಲ್ಲಿ ಚಳಿ ಸದ್ದಿಲ್ಲದೆ ಇಳಿದು ಬೆಳಗಿನ ಜಾವಕ್ಕೆ ಉಷ್ಣಾಂಶ ಒಂದಂಕಿಗೆ ಬರುತ್ತದೆ. ಮೋಸ ಹೋಗುವುದು ಇಲ್ಲೇ.

ಮೊದಲ ಸಲದವರೆಲ್ಲ ಮೇಲಿನ ಹೊದಿಕೆಯ ಚಿಂತೆ ಮಾಡುತ್ತಾರೆ. ಮೈಯ ಬಿಸಿ ಕದಿಯುವುದರಲ್ಲಿ ನೆಲದ ಪಾಲು ದೊಡ್ಡದು. ಗಾಳಿ ತುಂಬಿದ ಹಾಸಿಗೆ ಮೆತ್ತಗಿರುತ್ತದೆ, ಆದರೆ ಅದರೊಳಗಿನ ಗಾಳಿ ರಾತ್ರಿ ತಣ್ಣಗಾಗಿ ಕೆಳಗಿನಿಂದ ಬೆನ್ನು ಕೊರೆಯುತ್ತದೆ. ಆದ್ದರಿಂದ ಕೆಳಗೆ ಟಾರ್ಪಾಲು, ಅದರ ಮೇಲೆ ಫೋಮ್ ಚಾಪೆ, ಅದರ ಮೇಲೆ ದಪ್ಪ ಜಮಖಾನ ಹಾಕಿ ನಂತರ ಮಲಗಿ. ಹೊದೆಯಲು ಸ್ಲೀಪಿಂಗ್ ಬ್ಯಾಗು, ಅದರ ಮೇಲೆ ಕೌದಿ. ಹಳೆ ಸೀರೆಗಳ ಪದರದ ನಡುವೆ ಸಿಕ್ಕಿಕೊಂಡ ಗಾಳಿಯೇ ಕೌದಿಯ ಬಿಸಿ, ದುಬಾರಿ ಬ್ಯಾಗುಗಳದ್ದೂ ಅದೇ ಗುಟ್ಟು. ತಲೆಗೆ ಮಂಕಿ ಕ್ಯಾಪು, ಮಲಗುವಾಗ ಹಾಕಲೆಂದೇ ತೆಗೆದಿಟ್ಟ ಒಣ ಕಾಲುಚೀಲ. ದಿನವಿಡೀ ಹಾಕಿ ಬೆವೆತ ಕಾಲುಚೀಲದಲ್ಲೇ ಮಲಗಿದರೆ ಪಾದ ಬೆಳಗಾದರೂ ಬೆಚ್ಚಗಾಗದು.

ಚಳಿಗೆ ಹೆದರಿ ಟೆಂಟಿನ ಕಿಟಕಿಯನ್ನೆಲ್ಲ ಮುಚ್ಚಬೇಡಿ. ನಿಮ್ಮ ಉಸಿರೇ ಒಳಗೆ ಹನಿಗಟ್ಟಿ ಹೊದಿಕೆ ಒದ್ದೆಯಾಗುತ್ತದೆ. ಗ್ಯಾಸ್ ಸ್ಟೌವನ್ನಾಗಲಿ ಕೆಂಡವನ್ನಾಗಲಿ ಬಿಸಿಗೆಂದು ಎಂದಿಗೂ ಟೆಂಟಿನೊಳಗೆ ಇಡಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಅಲ್ಲಿನ ಹಳಬರು ಟೆಂಟು ತರುವುದೇ ಇಲ್ಲ, ಸ್ವ್ಯಾಗ್ ತರುತ್ತಾರೆ. ದಪ್ಪ ಕ್ಯಾನ್ವಾಸಿನ ಚೀಲದೊಳಗೇ ಹಾಸಿಗೆ ಇರುವ ಸುರುಳಿ ಅದು. ಹಿಂದೆ ಕೂಲಿ ಹುಡುಕುತ್ತ ಊರೂರು ಅಲೆಯುವವರು ಇಂಥ ಸುರುಳಿಯನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯುತ್ತಿದ್ದರು. 'ವಾಲ್ಟ್ಸಿಂಗ್ ಮಟಿಲ್ಡಾ' ಎಂಬ ಹೆಸರಾಂತ ಹಾಡಿನ ಮಟಿಲ್ಡಾ ಹೆಣ್ಣಲ್ಲ, ಈ ಸುರುಳಿಯೇ.

4. ಅಡುಗೆ

ಅಲ್ಲಿನ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಮಾಂಸದ ಬರ್ಗರು, ಸಾಸೇಜು, ಹುರಿದ ಆಲೂಗಡ್ಡೆ. ಸಸ್ಯಾಹಾರಿಗಳು ಮೂರನೇ ಹೊತ್ತಿಗೇ ಆಲೂಗಡ್ಡೆಗೆ ಕೈ ಮುಗಿಯುತ್ತಾರೆ. ಮಾಂಸ ತಿನ್ನುವವರಿಗೂ ನಾಲ್ಕು ದಿನ ಹೊರಗೆ ತಿಂದರೆ ಜೇಬು ಹರಿಯುತ್ತದೆ.

ಮೊದಲ ದಿನಕ್ಕೆ ಚಪಾತಿ-ಪಲ್ಯ, ಪುಳಿಯೋಗರೆ. ಎರಡನೇ ದಿನದಿಂದ ಒಂದು ಒಲೆ, ಒಂದು ಪಾತ್ರೆಯಲ್ಲಿ ಮುಗಿಯುವುದನ್ನೇ ಮಾಡಿ: ಮನೆಯಲ್ಲೇ ಹುರಿದು ತಂದ ರವೆಯ ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ, ಹೆಸರುಬೇಳೆ ಖಿಚಡಿ. ಜೋಳದ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಗೆ ಐಸೂ ಬೇಡ, ಒಲೆಯೂ ಬೇಡ. ಅಜ್ಜಿಯ ಚಕ್ಕಡಿಯಲ್ಲಿ ಹೋದದ್ದೂ ಇದೇ. ಬೆಳಿಗ್ಗೆ ಮರಗಟ್ಟಿದ ಕೈಗೆ ಬಿಸಿ ರಾಗಿ ಗಂಜಿಯ ಲೋಟ ಸಿಕ್ಕಿದರೆ ಆ ಸುಖವೇ ಬೇರೆ.

ಐಸ್ ಪೆಟ್ಟಿಗೆಗೆ ಅಲ್ಲಿ ಎಸ್ಕಿ ಅನ್ನುತ್ತಾರೆ. ಅದನ್ನು ಹಿಂದಿನ ರಾತ್ರಿಯೇ ಐಸ್ ಹಾಕಿ ತಣ್ಣಗೆ ಮಾಡಿಡಿ. ಬಿಸಿ ಪೆಟ್ಟಿಗೆಗೆ ಐಸ್ ತುಂಬಿದರೆ ಪೆಟ್ಟಿಗೆಯನ್ನು ತಂಪು ಮಾಡುವುದರಲ್ಲೇ ಅದು ಕರಗಿಹೋಗುತ್ತದೆ. ಸಣ್ಣ ತುಂಡುಗಳಿಗಿಂತ ದೊಡ್ಡ ಗಡ್ಡೆ ಹೆಚ್ಚು ದಿನ ಬಾಳುತ್ತದೆ. ನೀರಿನ ಬಾಟಲಿಗಳನ್ನೇ ಹೆಪ್ಪುಗಟ್ಟಿಸಿ ಒಯ್ದರೆ ಕರಗಿದ ಮೇಲೆ ಕುಡಿಯಲೂ ಆಯಿತು. ಹಾಲು, ಮೊಸರು ತಳದಲ್ಲಿರಲಿ, ಪದೇ ಪದೇ ತೆರೆಯುವ ತಂಪು ಪಾನೀಯಕ್ಕೆ ಬೇರೆ ಪೆಟ್ಟಿಗೆ ಇರಲಿ. ಕುಡಿಯುವ ನೀರನ್ನು ಕ್ಯಾನುಗಳಲ್ಲಿ ತುಂಬಿಕೊಂಡೇ ಹೋಗಿ.

5. ದಾರಿ

ಬ್ರಿಸ್ಬೇನಿನಿಂದ ಬ್ರೂಸ್ ಹೆದ್ದಾರಿ ಹಿಡಿದರೆ ಸುಮಾರು ಐವತ್ತು ಕಿಲೋಮೀಟರಿಗೆ ಕಬುಲ್ಚರ್ ಸಿಗುತ್ತದೆ. ಇಂದು ಅಮೆರಿಕದ ಕಂಟ್ರಿ ಸಂಗೀತದಲ್ಲಿ ದೊಡ್ಡ ಹೆಸರಾಗಿರುವ ಕೀತ್ ಅರ್ಬನ್ ಬೆಳೆದದ್ದು ಅಲ್ಲೇ. ಹೆದ್ದಾರಿ ಬಿಟ್ಟ ಮೇಲೆ ಹಳ್ಳಿ ದಾರಿ. ಹೊತ್ತು ಮುಳುಗುವಾಗ ಕಾಂಗರೂಗಳು ರಸ್ತೆಗೆ ನೆಗೆಯುತ್ತವೆ, ಆದ್ದರಿಂದ ಮಧ್ಯಾಹ್ನದೊಳಗೆ ತಲುಪುವಂತೆ ಹೊರಡಿ. ಪೆಟ್ರೋಲು, ಐಸು, ನಗದು ಎಲ್ಲವನ್ನೂ ದಾರಿಯ ದೊಡ್ಡ ಊರಿನಲ್ಲೇ ಮುಗಿಸಿಕೊಳ್ಳಿ. ಕಣಿವೆಯಲ್ಲಿ ಮೊಬೈಲ್ ಸಿಗ್ನಲನ್ನು ನೆಚ್ಚಬೇಡಿ, ನಕ್ಷೆಯನ್ನೂ ಟಿಕೆಟ್ಟನ್ನೂ ಫೋನಿನಲ್ಲಿ ಮೊದಲೇ ಇಳಿಸಿಟ್ಟುಕೊಳ್ಳಿ.

6. ಜಾಗ ಹಿಡಿಯುವುದು

ಇದಕ್ಕೆ ಆತುರ ಬೇಡ. ಕಾರು ನಿಲ್ಲಿಸಿ, ಇಳಿದು, ಐದು ನಿಮಿಷ ಸುಮ್ಮನೆ ಓಡಾಡಿ.

ಮೇಲೆ ನೋಡಿ ಮೊದಲು. ನೀಲಗಿರಿ ಜಾತಿಯ ದೊಡ್ಡ ಮರಗಳು ಗಾಳಿಯಿಲ್ಲದ ಹೊತ್ತಿನಲ್ಲೂ ಕೊಂಬೆ ಕಳಚಿ ಬೀಳಿಸುತ್ತವೆ. ನೆರಳಿನ ಆಸೆಗೆ ಅವುಗಳ ಕೆಳಗೆ ಟೆಂಟು ಹೂಡಬಾರದು. ಆಮೇಲೆ ಕೆಳಗೆ ನೋಡಿ. ತೊರೆಯ ಅಂಚಿನ ತಗ್ಗು ಚೆಂದ ಕಾಣುತ್ತದೆ, ಆದರೆ ತಣ್ಣನೆಯ ಗಾಳಿ ನೀರಿನ ಹಾಗೆ ಇಳಿದು ತಗ್ಗಿನಲ್ಲೇ ನಿಲ್ಲುತ್ತದೆ, ಮಳೆ ಬಂದರೆ ಕೆಸರೂ ಅಲ್ಲೇ. ನಾಲ್ಕು ಹೆಜ್ಜೆ ಮೇಲೆ ಹೂಡಿ. ಶೌಚಾಲಯಕ್ಕೆ ತೀರಾ ಹತ್ತಿರವೂ ಬೇಡ, ಬಾಗಿಲು ರಾತ್ರಿಯಿಡೀ ಬಡಿಯುತ್ತದೆ. ರಾತ್ರಿ ಎದ್ದು ನಡೆಯಲಾರದಷ್ಟು ದೂರವೂ ಬೇಡ. ತಲೆಗೆ ಕಟ್ಟುವ ಟಾರ್ಚು ಇದ್ದರೆ ಎರಡೂ ಕೈ ಬಿಡುವಾಗಿರುತ್ತದೆ.

ಗೂಟಗಳನ್ನು ಟೆಂಟಿನ ಆಚೆಗೆ ಓರೆಯಾಗಿ ವಾಲಿಸಿ ಹೊಡೆಯಿರಿ. ನೆಲ ಗಟ್ಟಿ, ಸುತ್ತಿಗೆ ಬೇಕೇ ಬೇಕು. ಚೀಲದಲ್ಲಿ ಬಂದ ತೆಳು ಗೂಟಗಳು ಬಾಗುತ್ತವೆ, ನಾಲ್ಕು ದಪ್ಪ ಗೂಟ ಬೇರೆ ಕೊಳ್ಳಿ. ಹಗ್ಗಗಳಿಗೆ ಬಿಳಿ ಬಟ್ಟೆಯ ಚೂರು ಕಟ್ಟಿ, ಕತ್ತಲಲ್ಲಿ ಕಾಲು ತೊಡರುವುದು ಹೆಚ್ಚಾಗಿ ನಿಮ್ಮದೇ. ಟೆಂಟು ಹೊಸದಾದರೆ ಮನೆಯ ಹಿತ್ತಲಲ್ಲಿ ಒಮ್ಮೆ ನಿಲ್ಲಿಸಿ ನೋಡಿ. ಭಾವ ಬೀಡಿನಲ್ಲೇ ಮೊದಲ ಸಲ ಕಟ್ಟು ಬಿಚ್ಚಿದರು. ಒಂದು ಕಂಬ ಮನೆಯಲ್ಲೇ ಉಳಿದಿತ್ತು.

ಬಿದ್ದ ಸೌದೆಯನ್ನು ಕಾಡಿನಿಂದ ಆರಿಸುವಂತಿಲ್ಲ. ಬೆಂಕಿಗೆ ಬಿಟ್ಟರೆ ಕೊಂಡು ತಂದ ಸೌದೆ ಬಳಸಿ, ಮಲಗುವ ಮುನ್ನ ನೀರು ಸುರಿದು, ಬೂದಿ ಕೈಗೆ ತಣ್ಣಗಾಗುವ ತನಕ ಕದಡಿ.

7. ನೆರೆಹೊರೆ

ಟೆಂಟು ನಿಂತ ಮೇಲೆ ಮೊದಲ ಕೆಲಸ ಪಕ್ಕದವರನ್ನು ಮಾತಾಡಿಸುವುದು. ಮೂವತ್ತು ವರ್ಷದಿಂದ ಅದೇ ಮೂಲೆಗೆ ಬರುವ ಕುಟುಂಬಗಳಿವೆ. ನಮ್ಮ ಕಂಬವಿಲ್ಲದ ಟೆಂಟನ್ನು ನಿಲ್ಲಿಸಿಕೊಟ್ಟದ್ದು ಪಕ್ಕದ ಮುದುಕರು, ಒಂದು ಉದ್ದ ಕೋಲು ಮತ್ತು ನಾಲ್ಕು ಗಂಟಿನಿಂದ. ಬದಲಿಗೆ ಅವರಿಗೆ ಶೇಂಗಾ ಚಟ್ನಿಪುಡಿ ಕೊಟ್ಟೆವು. ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಅದನ್ನು ಉದುರಿಸಿ ತಿಂದು, ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಚಮಚ ಕೇಳಿದರು. ರಾತ್ರಿ ಬೆಂಕಿಯ ಬಳಿ ಅವರ ಗಿಟಾರು ಹೊರಬಂತು. ವೇದಿಕೆಯ ಹಾಡು ಮರೆತೆ ಎಂದೆನಲ್ಲ, ಆ ಬೆಂಕಿಯ ಮುಂದೆ ಕೇಳಿದ್ದು ಮಾತ್ರ ಉಳಿದಿದೆ.

8. ಹಾಡು ಕೇಳುವುದು

ಮಡಚುವ ಕುರ್ಚಿ ತಗ್ಗಿನದಾಗಿರಲಿ, ಹಿಂದಿನವರಿಗೆ ಮರೆಯಾಗಬಾರದು. ಹಗಲಿಗೆ ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್. ಚಳಿಗಾಲವಾದರೂ ಆ ಬಿಸಿಲು ಚರ್ಮ ಸುಡುತ್ತದೆ. ಸಂಜೆ ಹಾಡಿಗೆ ಹೋಗುವಾಗಲೇ ಸ್ವೆಟರ್ ಸೊಂಟಕ್ಕೆ ಕಟ್ಟಿಕೊಳ್ಳಿ, ಟೆಂಟಿಗೆ ವಾಪಸ್ ಬರುವುದು ದೂರ. ಮಕ್ಕಳಿಗೆ ಕಿವಿ ಮುಚ್ಚುವ ಹೆಡ್‌ಫೋನು. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಮೊದಲೇ ಮಾತಾಗಿರಲಿ.

ಕಂಟ್ರಿ ಅಂದರೆ ಅಮೆರಿಕದ ಕೌಬಾಯ್ ಹಾಡು ಅಂದುಕೊಂಡು ಹೋದವರಿಗೆ ಆಸ್ಟ್ರೇಲಿಯಾದ ಬುಷ್ ಬ್ಯಾಲಡ್ ಹೊಸದು. ಬರಗಾಲ, ಲಾರಿ ಚಾಲಕ, ದೂರದ ದನದ ದಾರಿ, ಸತ್ತ ನಾಯಿ ಎಲ್ಲವೂ ಅದರಲ್ಲಿ ಕಥೆ. ಸ್ಲಿಮ್ ಡಸ್ಟಿ ಎಂದು ಹೆಸರಾದ ಡೇವಿಡ್ ಗಾರ್ಡನ್ ಕರ್ಕ್‌ಪ್ಯಾಟ್ರಿಕ್ (1927–2003) ಇದರ ಹಿರಿಯ. ಬಿಯರ್ ಖಾಲಿಯಾದ ಪಬ್ಬಿನ ಗೋಳನ್ನು ಹಾಡಿದ ಅವರ 1957ರ ಹಾಡು ದೇಶ ದಾಟಿ ಹೋಯಿತು. ಹೊರಡುವ ಮುನ್ನ ಅವರದೊಂದು ನಾಲ್ಕು ಹಾಡು ಕೇಳಿಕೊಂಡು ಹೋಗಿ. ಪದ ಅರ್ಥವಾಗದಿದ್ದರೂ ಲಾವಣಿ ಕೇಳಿ ಬೆಳೆದ ಕಿವಿಗೆ ಕಥೆಯ ನಡಿಗೆ ಸಿಗುತ್ತದೆ. ದೊಡ್ಡ ವೇದಿಕೆಗೇ ಅಂಟಿಕೊಳ್ಳದೆ ಮಧ್ಯಾಹ್ನ ಸಣ್ಣ ವೇದಿಕೆಗಳಿಗೆ ಹೋಗಿ, ಹಾಡುವವರ ಬೆರಳು ಕಾಣುವಷ್ಟು ಹತ್ತಿರ ಕೂರಬಹುದು.

9. ಸ್ನಾನ

ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಸಾಲು ನಿಲ್ಲುತ್ತಾರೆ. ಜನವೆಲ್ಲ ಹಾಡಿನ ಕಡೆ ಹೋದ ಮಧ್ಯಾಹ್ನ ಹೋಗಿ, ಸಾಲು ಚಿಕ್ಕದು, ಒದ್ದೆ ಕೂದಲು ಬಿಸಿಲಲ್ಲಿ ಒಣಗುತ್ತದೆ. ರಬ್ಬರ್ ಚಪ್ಪಲಿ, ಸ್ವಂತ ಟಾಯ್ಲೆಟ್ ಪೇಪರ್, ಒಂದು ಚೊಂಬು. ಹುಲ್ಲಲ್ಲಿ ಓಡಾಡಿದ ದಿನ ಮೈಮೇಲೆ ಉಣ್ಣಿ ಹತ್ತಿದೆಯೇ ಎಂದು ನೋಡಿಕೊಳ್ಳಿ. ತುರ್ತಿಗೆ ಆ ದೇಶದ ಸಂಖ್ಯೆ 000, ಆದರೆ ಪ್ರಥಮ ಚಿಕಿತ್ಸೆಯ ಡೇರೆ ಎಲ್ಲಿದೆ ಎಂದು ಬಂದ ದಿನವೇ ನೋಡಿಟ್ಟುಕೊಳ್ಳಿ.

10. ಹೊರಡುವ ದಿನ

ಹಿಂದಿನ ರಾತ್ರಿ ಕುಡಿದಿದ್ದವರು ಬೆಳಿಗ್ಗೆ ಸ್ಟೇರಿಂಗ್ ಹಿಡಿಯುವ ಮುನ್ನ ಯೋಚಿಸಬೇಕು. ಪೂರ್ಣ ಲೈಸೆನ್ಸ್ ಇದ್ದವರಿಗೂ ರಕ್ತದಲ್ಲಿ ಮದ್ಯದ ಮಿತಿ ಶೇಕಡಾ 0.05, ಪೊಲೀಸರು ದಾರಿಯಲ್ಲೇ ಊದಿಸುತ್ತಾರೆ. ನಿದ್ದೆ ಇಳಿದಿದ್ದರೂ ಮದ್ಯ ಇಳಿದಿರುತ್ತದೆ ಎಂದಲ್ಲ. ನಮ್ಮಲ್ಲಿ ಕಾರು ಓಡಿಸುವ ಕೆಲಸ ಯಾವಾಗಲೂ ಕುಡಿಯದ ಅಕ್ಕನದು.

ಇಬ್ಬನಿಗೆ ಒದ್ದೆಯಾದ ಟೆಂಟನ್ನು ಹಾಗೇ ಸುತ್ತಿ ಡಿಕ್ಕಿಗೆ ತುರುಕಲೇಬೇಕಾಗುತ್ತದೆ, ಬಿಸಿಲಿಗೆ ಕಾಯುವಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ. ಆದರೆ ಮನೆ ಸೇರಿದ ದಿನವೇ ಬಿಚ್ಚಿ ಒಣಗಲು ಹರವಿ, ಎರಡು ದಿನ ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಕೌದಿಯನ್ನೂ ಹಿತ್ತಲ ತಂತಿಗೆ ಹಾಕಿ ಕೋಲಿನಿಂದ ಬಡಿಯಿರಿ. ಅಮಮೂರಿನ ಧೂಳು, ಹೊಗೆ, ನೀಲಗಿರಿ ಎಲೆಯ ಚೂರು ಬೀಳುತ್ತವೆ. ಹೊಗೆಯ ವಾಸನೆ ಮಾತ್ರ ಒಂದೆರಡು ವಾರ ಹೋಗುವುದಿಲ್ಲ, ಅದಕ್ಕಾಗಿ ಒಗೆಯಬೇಡಿ.