ನಲವತ್ತು ದಾಟಿದವರ ಆಹಾರ ಮತ್ತು ಶಕ್ತಿಪುಡಿಗಳು



ಹಿಂಡುವ ಎಮ್ಮೆಗೆ ಎಷ್ಟು ಪಶು ಆಹಾರ, ಎಷ್ಟು ಖನಿಜ ಮಿಶ್ರಣ ಹಾಕಬೇಕೆಂಬುದನ್ನು ತಾವು ಚೆನ್ನಾಗಿ ಬಲ್ಲಿರಿ. ಆದರೆ ನಲವತ್ತು ದಾಟಿ ಸುಸ್ತು, ಸೊಂಟನೋವು ಕಾಣಿಸಿಕೊಂಡಾಗ ನಮ್ಮ ದೇಹಕ್ಕೆ ಇಂಥ ಲೆಕ್ಕ ಇಡುವವರು ಕಡಿಮೆ. ತಿಕೋಟಾ, ಬಬಲೇಶ್ವರ ಕಡೆಯಿಂದ ವಿಜಯಪುರಕ್ಕೆ ಹೋದವರು ಪ್ರೋಟೀನ್ ಡಬ್ಬಿ, ಶಕ್ತಿಯ ಗುಳಿಗೆ ಕೊಳ್ಳುವ ಮುನ್ನ ಈ ಕೆಳಗಿನ ವಿಷಯಗಳನ್ನು ತಿಳಿದುಕೊಳ್ಳಿರಿ.

1. ದಿನಕ್ಕೆ ಎಷ್ಟು ಬೇಕು?

ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.83 ಗ್ರಾಂ ಸಸಾರಜನಕ (ಪ್ರೋಟೀನ್) ಬೇಕು. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಇದು ನಮ್ಮ ತಾಟಿನಲ್ಲಿಯೇ ದೊರೆಯುತ್ತದೆ:

ಜೋಳದ ಹಿಟ್ಟು 250 ಗ್ರಾಂ – 25 ಗ್ರಾಂ
ತೊಗರಿ ಬೇಳೆ 50 ಗ್ರಾಂ – 11 ಗ್ರಾಂ
ಶೇಂಗಾ 25 ಗ್ರಾಂ – 6 ಗ್ರಾಂ
ಆಕಳ ಹಾಲು ಅಥವಾ ಮೊಸರು ಅರ್ಧ ಲೀಟರ್ – 16 ಗ್ರಾಂ

ಒಟ್ಟು 58 ಗ್ರಾಂ. ಹಾಲನ್ನು ತೆಗೆದುಬಿಟ್ಟರೆ 42 ಮಾತ್ರ. ಕೊರತೆ ಬೀಳುವುದು ಇಲ್ಲಿಯೇ. ದಿನಕ್ಕೆ ಬೇಕಾದ 1000 ಮಿಲಿಗ್ರಾಂ ಸುಣ್ಣದ ಅಂಶದಲ್ಲಿ ಸುಮಾರು 600 ಮಿಲಿಗ್ರಾಂ ಸಹ ಈ ಅರ್ಧ ಲೀಟರಿನಿಂದಲೇ ಬರುತ್ತದೆ.

2. ಡಬ್ಬಿಯಲ್ಲಿ ಇರುವುದೇನು?

ಚೀಸ್, ಪನೀರ್ ತೆಗೆದ ಮೇಲೆ ಉಳಿಯುವ ತಿಳಿನೀರನ್ನು ಸಂಸ್ಕರಿಸಿ ಒಣಗಿಸಿದ್ದೇ 'ವೇ' ಪ್ರೋಟೀನ್ ಪುಡಿ. ಅಂದರೆ ಹಾಲಿನದೇ ಒಂದು ಭಾಗ. ಕಡಿಮೆ ಬೆಲೆಗೆ ಹಾಲು ಹಾಕಿ, ಅದರ ಅಂಶವನ್ನು ದುಬಾರಿ ಬೆಲೆಗೆ ಮರಳಿ ಕೊಂಡಂತಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರ ಆಹಾರ ಮಾರ್ಗಸೂಚಿಯಲ್ಲಿ, ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿ ಬೇಡವೆಂದೇ ತಿಳಿಸಿದೆ. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

3. ಗುಳಿಗೆ ಯಾವಾಗ ಬೇಕು?

ಸಸ್ಯಾಹಾರಿಗಳಿಗೆ ಬಿ-12 ಜೀವಸತ್ವ ದೊರೆಯುವುದು ಮುಖ್ಯವಾಗಿ ಹಾಲು, ಮೊಸರುಗಳಿಂದ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬಹುಕಾಲ ನುಂಗುವವರಲ್ಲಿ ಇದು ಕಡಿಮೆಯಾಗಬಹುದು. ಕೈಕಾಲು ಜುಮುಗುಟ್ಟುವುದು, ಅತಿಯಾದ ಸುಸ್ತು ಇದ್ದರೆ ರಕ್ತ ಪರೀಕ್ಷೆ ಮಾಡಿಸಿರಿ. ಕೊರತೆ ಕಂಡುಬಂದರೆ ಗುಳಿಗೆ ನಿಜಕ್ಕೂ ಅವಶ್ಯ. ಆದರೆ 60,000 ಯೂನಿಟ್ಟಿನ ಡಿ ಜೀವಸತ್ವ ಸಾಮಾನ್ಯವಾಗಿ ವಾರಕ್ಕೊಮ್ಮೆ ತೆಗೆದುಕೊಳ್ಳುವ ಔಷಧಿ. ಅದನ್ನು ದಿನಾಲು ನುಂಗಿದರೆ ರಕ್ತದಲ್ಲಿ ಸುಣ್ಣದ ಅಂಶ ಏರಿ ಮೂತ್ರಪಿಂಡಕ್ಕೆ ಅಪಾಯವಾದೀತು.

4. ಕೊಳ್ಳುವಾಗ ಎಚ್ಚರಿಕೆ

ಅ) ಡಬ್ಬಿಯ ಮೇಲೆ 14 ಅಂಕಿಗಳ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಹಾಗೂ ಅವಧಿ ಮುಗಿಯುವ ದಿನಾಂಕ ನೋಡಿರಿ.
ಆ) ಚೀಟಿ ಇಲ್ಲದ ನೋವಿನ ಪುಡಿ, ಪುರುಷ ಶಕ್ತಿಯ ಪುಡಿಗಳನ್ನು ಕೊಳ್ಳಬೇಡಿರಿ. ಇಂಥವುಗಳಲ್ಲಿ ಸ್ಟೆರಾಯ್ಡ್ ಮುಂತಾದ ಔಷಧಿಗಳನ್ನು ಗುಟ್ಟಾಗಿ ಬೆರೆಸಿದ್ದು ಅನೇಕ ಕಡೆ ಪತ್ತೆಯಾಗಿದೆ. ಸ್ಟೆರಾಯ್ಡ್ ನೋವನ್ನು ಬೇಗ ಅಡಗಿಸುತ್ತದೆ. ಆದರೆ ಸಕ್ಕರೆ, ರಕ್ತದೊತ್ತಡ ಏರಿಸಿ ಎಲುಬು ಸವೆಸುತ್ತದೆ.
ಇ) ಅಂಥ ಪುಡಿಯನ್ನು ಬಹುದಿನ ತಿಂದಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪುಡಿಯ ಸಮೇತ ಕೂಡಲೇ ಸರಕಾರಿ ಆಸ್ಪತ್ರೆಗೆ ಹೋಗಿರಿ.
ಈ) ಸಕ್ಕರೆ ಕಾಯಿಲೆ ಇದ್ದವರು ಒಣದ್ರಾಕ್ಷಿಯನ್ನು ಸಹ ಮಿತಿಯಲ್ಲಿ ತಿನ್ನಬೇಕು.

ಸಂಘಕ್ಕೆ ಹಾಲು ಹಾಕುವುದು ಸಂಸಾರದ ಆದಾಯಕ್ಕಾಗಿ. ಆ ಸಂಸಾರವನ್ನು ನಡೆಸುವ ದೇಹಕ್ಕೂ ಪಾಲು ಇರಲಿ. ನಾಳೆ ಬೆಳಿಗ್ಗೆ ಕ್ಯಾನು ಎತ್ತುವ ಮುನ್ನ ಮನೆಮಂದಿಗೆ ಬೇಕಾದಷ್ಟು ಹಾಲನ್ನು ಅಳೆದು ತೆಗೆದಿಡಿರಿ.